ಡಬ್ಬಿಯಲ್ಲಿ ಕೂರದ ‘ಮಾ’

ಇಂಡಿ ಊರಿನ ಲಿಂಬೆಹಣ್ಣಿನ ಪೆಟ್ಟಿಗೆಯ ಮೇಲೆ, ಸಿಂದಗಿಯ ಟ್ರ್ಯಾಕ್ಟರಿನ ಟ್ರೇಲರ್ ಹಿಂದೆ, ಮುದ್ದೇಬಿಹಾಳದ ತೊಗರಿ ಚೀಲದ ಹೊಟ್ಟೆಯ ಮೇಲೆ ದಪ್ಪ ದಪ್ಪ, ಮೂಲೆ ಕೊಯ್ದ, ಒಂದೇ ಅಗಲದ ಕನ್ನಡ ಅಕ್ಷರಗಳನ್ನು ನೀವು ನೋಡಿದ್ದರೆ, ಅವುಗಳಿಗೆ ಬಣ್ಣ ಹೊಡೆಯುವ ತೂತಿನ ತಗಡು ಕೊಯ್ದವನು ನಾನೇ. ಯುನೂಸ ನನ್ನ ಹೆಸರು. ಬಸವನ ಬಾಗೇವಾಡಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಇದೆ. ಬಕೆಟ್ಟು, ಹಿಟ್ಟಿನ ಡಬ್ಬಿ, ಜರಡಿ, ಕೋಳಿಗೂಡು, ಏನು ಕೇಳಿದರೂ ಮಾಡಿಕೊಡುತ್ತೇನೆ. ಅಕ್ಷರ ಮಾತ್ರ ನನ್ನ ಕಸುಬಾಗಿರಲಿಲ್ಲ. ಅದು ರಾಜಶ್ರೀ ನನ್ನ ಕೊರಳಿಗೆ ಕಟ್ಟಿದ ಉಸಾಬರಿ.

ರಾಜಶ್ರೀ ಮಸೂತಿ ಎಂಬ ಹಳ್ಳಿಯ ಕುರುಬರ ರೇವಣಪ್ಪನ ಮಗಳು. ವಿಜಯಪುರದಲ್ಲಿ ಚಿತ್ರಕಲೆ ಕಲಿತು ಬಂದು ನನ್ನ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಕೂರುತ್ತಾಳೆ. ದಿನವೆಲ್ಲ ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಯಾರದೋ ಮೀಸೆ ತಿದ್ದುವ ಕೆಲಸ. ಅದರಲ್ಲಿ ಬೇಜಾರು ಬಂದಾಗ ನನ್ನ ಅಂಗಡಿಗೆ ಬಂದು ನನ್ನ ತಲೆ ತಿನ್ನುತ್ತಾಳೆ. ಹಾಗೆ ಬಂದವಳು ಒಮ್ಮೆ ಹೇಳಿದಳು.

“ಮಾಮಾ, ಇಂಡಿ ಊರಾಂವ ಒಬ್ಬ ಲಿಂಬಿಹಣ್ಣಿನ ಪೆಟಗಿ ಮ್ಯಾಲ ಹೆಸರ ಹೊಡಿಯಾಕ ಅಕ್ಷರ ಕೇಳ್ಯಾನ್ರಿ. ನಾ ಬರದ ಕೊಡ್ತೇನಿ, ನೀವು ತಗಡಿನಾಗ ಕೊಯ್ದ ಕೊಡ್ರಿ.”

“ಕನ್ನಡ ಅಕ್ಷರ ಅಂದ್ರ ಜಿಲೇಬಿ ಇದ್ದಂಗ,” ಎಂದೆ ನಾನು. “ಕತ್ತರಿಲೆ ಜಿಲೇಬಿ ಕೊಯ್ಯಾಕ ಬರ್ತೈತೇನವಾ? ಹೋಗ, ನಿನ್ನ ಕಂಪ್ಯೂಟರಿಗೆ ಹೇಳ.”

ಮರುದಿನ ಕಾಗದ ಹಿಡಿದುಕೊಂಡು ಮತ್ತೆ ಬಂದಳು. ಅದರಲ್ಲಿ ಒಂದೂ ಗುಂಡನೆ ಅಕ್ಷರ ಇರಲಿಲ್ಲ. ಎಲ್ಲಿ ತಿರುವು ಇತ್ತೋ ಅಲ್ಲಿ ಮೂಲೆ ಕೊಯ್ದು ನೇರ ಮಾಡಿದ್ದಳು, ನನ್ನ ಕತ್ತರಿ ಎಲ್ಲಿ ತಿರುಗುತ್ತದೆ, ಎಲ್ಲಿ ತಿರುಗುವುದಿಲ್ಲ ಎಂದು ಪಕ್ಕದಲ್ಲೇ ನಿಂತು ನೋಡಿದವಳ ಹಾಗೆ. ನೋಡಿಯೂ ಇದ್ದಳು ಎನ್ನಿ. ನನಗೆ ಬೇಡವೆನ್ನಲು ನೆಪವೇ ಉಳಿಯಲಿಲ್ಲ.

ಆಕೆಯದು ಒಂದು ಹಟ. ಎಲ್ಲ ಅಕ್ಷರದ ತಗಡೂ ಒಂದೇ ಅಗಲ ಇರಬೇಕು. ಇದೆಂಥ ಹುಚ್ಚು! ‘ರ’ ಒಂದು ಹಿಡಿಯಷ್ಟು, ‘ಯ’ ಹೊಟ್ಟೆಬಾಕ, ‘ಮಾ’ ಅಂತೂ ಹಾಸಿಗೆಯಲ್ಲಿ ಕೈಕಾಲು ಚಾಚಿ ಮಲಗಿದವನ ಹಾಗೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಹೇಗೆ? ಆದರೆ ಆಕೆ ‘ರ’ವನ್ನು ಹಿಗ್ಗಿಸಿದಳು, ‘ಯ’ದ ಹೊಟ್ಟೆ ಬಿಗಿದಳು, ‘ಮಾ’ದ ಕೈಕಾಲು ಮಡಚಿ ಕೂರಿಸಿದಳು. ಒತ್ತಕ್ಷರಗಳಿಗೆ ಕೆಳಗೊಂದು ಬೇರೆ ಸಾಲು ಮಾಡಿದಳು. ಗೆರೆಗಳನ್ನು ಹೆಬ್ಬೆರಳಿಗಿಂತ ದಪ್ಪ ಇಟ್ಟಳು. ಗೋಣಿಚೀಲದ ಮೇಲೆ ಬಣ್ಣ ಹರಡುತ್ತದೆ, ಸಣ್ಣ ಗೆರೆಯಾದರೆ ಕಲಸಿಹೋಗುತ್ತದೆ ಎಂದು ಆಕೆಯ ಲೆಕ್ಕ.

ನಾನು ಮೊದಲು ಕೊಯ್ದ ‘ರ’ದ ಒಳಗಿನ ತುಂಡು ಕಳಚಿ ನೆಲಕ್ಕೆ ಬಿತ್ತು. ಉಳಿದದ್ದು ಒಂದು ತೂತು. ರಾಜಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಂಥ ಅಕ್ಷರಗಳ ನಡುವೆ ಒಂದೊಂದು ಸಣ್ಣ ಪಟ್ಟಿ ಉಳಿಸಿ ಕೊಯ್ದೆವು. ಒಳಗಿನ ತುಂಡನ್ನು ಹೊರಗಿನ ತಗಡಿಗೆ ಹಿಡಿದಿಡುವ ಆ ಪಟ್ಟಿಗೆ ಆಕೆ ಸೇತುವೆ ಎಂದು ಹೆಸರಿಟ್ಟಳು.

ಒಂದೇ ಅಗಲದ ಗುಟ್ಟು ನನಗೆ ತಿಳಿದದ್ದು ಇಂಡಿಯಲ್ಲಿ. ಲಿಂಬೆ ತುಂಬುವ ಹೆಣ್ಣುಮಕ್ಕಳು ತಗಡುಗಳನ್ನು ಉದ್ದನೆಯ ಚೌಕಟ್ಟಿನಲ್ಲಿ ಒಂದರ ಪಕ್ಕ ಒಂದು ತುರುಕಿ, ಅಳೆಯದೆ, ಗೆರೆ ಹಾಕದೆ, ಮಾತಾಡುತ್ತ ಮಾತಾಡುತ್ತಲೇ ಪೆಟ್ಟಿಗೆಗೆ ಹೆಸರು ಹೊಡೆಯುತ್ತಿದ್ದರು. ಯಾವ ಅಕ್ಷರ ತೆಗೆದು ಯಾವುದನ್ನು ಹಾಕಿದರೂ ಸಾಲು ಕದಲುತ್ತಿರಲಿಲ್ಲ. ಪೆಟ್ಟಿಗೆಗಳನ್ನು ಒಟ್ಟಿದಾಗ ಅಕ್ಷರದ ಕೆಳಗೆ ಅಕ್ಷರ ನಿಂತು, ದೂರದಿಂದಲೇ ಯಾರ ಮಾಲು ಎಂದು ತಿಳಿಯುತ್ತಿತ್ತು. ಖರೇ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಊರಿಗೆ ಬಂದವನೇ ಆ ತಗಡುಗಳಿಗಾಗಿ ಒಂದು ಡಬ್ಬಿ ಮಾಡಿದೆ, ಒಳಗೆ ಸಾಲು ಸಾಲು ಗೂಡು, ಮೇಲೆ ಮುಚ್ಚಳ. ಅದೇ ಅಕ್ಷರಗಳನ್ನು ರಾಜಶ್ರೀ ಕಂಪ್ಯೂಟರಿಗೂ ಹಾಕಿ ‘ತಗಡು’ ಎಂದು ಹೆಸರಿಟ್ಟಳು. ಯುನೂಸ ಎಂದು ಇಡಬಹುದಿತ್ತು. ಹೋಗಲಿ ಬಿಡಿ.

ಆಮೇಲೆ ಕುರಿ ಕಾಯುವವರು ಬಂದರು.

ಕುರಿಯ ಉಣ್ಣೆ ಕತ್ತರಿಸಿದ ಮೇಲೆ ನಮ್ಮ ಕಡೆ ಅದರ ಎಡಮಗ್ಗುಲಿಗೆ ಬಣ್ಣದಲ್ಲಿ ಗುರುತು ಬರೆಯುತ್ತಾರೆ. ಸಾಮಾನ್ಯವಾಗಿ ಮನೆಯ ಹಿರಿಯನ ಹೆಸರಿನ ಮೊದಲ ಅಕ್ಷರ. ಕರಿ ಕುರಿಗೆ ಬಿಳಿ ಬಣ್ಣ. ಕುರಿ ನಿಲ್ಲಬೇಕಲ್ಲ! ಒಬ್ಬ ಹಿಡಿಯಬೇಕು, ಒಬ್ಬ ಬರೆಯಬೇಕು, ಅಷ್ಟರಲ್ಲಿ ಅದು ಒದೆಯುತ್ತದೆ. ತಗಡು ಇಟ್ಟು ಬಣ್ಣ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಸುದ್ದಿ ಹಬ್ಬಿದ್ದೇ ತಡ, ಸಿಂದಗಿ ಕಡೆಯವರು, ಮುದ್ದೇಬಿಹಾಳ ಕಡೆಯವರು, ಎಲ್ಲರೂ ಒಂದೊಂದು ಅಕ್ಷರ ಕೊಯ್ಸಿಕೊಂಡು ಹೋದರು. ಹೆಚ್ಚು ಹೋದದ್ದು ‘ಮಾ’. ಮಾಳಿಂಗರಾಯ ಅವರ ದೇವರು. ಕುರುಬರ ಓಣಿಯಲ್ಲಿ ನಿಂತು ಮಾಳಿಂಗಾ ಎಂದು ಕೂಗಿದರೆ ಮನೆಗೊಬ್ಬ ಓ ಎನ್ನುತ್ತಾನೆ.

ಶೇವಂತೆವ್ವನೂ ಬಂದಳು. ಈಕೆ ರಾಜಶ್ರೀಯ ಚಿಗವ್ವ, ರೇವಣಪ್ಪನ ತಮ್ಮ ಮಾಳಿಂಗನ ಹೆಂಡತಿ. ದೀಪಾವಳಿಗೆ ಮೊದಲು ಕುರಿಗಳಿಗೆ ಗುರುತು ಬರೆದ ಮಾಳಿಂಗ, ಹಬ್ಬ ಕಳೆದ ಸ್ವಲ್ಪ ದಿನಕ್ಕೆ ಎದೆನೋವು ಎಂದು ಕೂತವನು ಮತ್ತೆ ಏಳಲಿಲ್ಲ. ಅಲ್ಲಿಯವರೆಗೆ ಮನೆ, ಮರಿ ನೋಡಿಕೊಂಡಿದ್ದ ಶೇವಂತೆವ್ವ ಕೋಲು ಹಿಡಿದು ಹಿಂಡಿನ ಹಿಂದೆ ಹೊರಟಳು. ಸಂಕ್ರಾಂತಿಯ ಹೊತ್ತಿಗೆ ಬಣ್ಣ ಮಾಸಿ, ಧೂಳು ಕೂತು, ಗುರುತು ಕಾಣದಂತಾಗಿತ್ತು.

“ಅವ್ರ ಕೈ ಯಾರಿಗೂ ಬರಂಗಿಲ್ಲ ಯುನೂಸಣ್ಣ,” ಎಂದಳು. “ನನಗ ಅಕ್ಷರ ಬರಂಗಿಲ್ಲ. ಗುರುತ ಇಲ್ಲದ ಕುರಿ ದೂರ ಹೊಡಕೊಂಡ ಹೋಗಾಕ ಅಂಜಿಕಿ ಬರ್ತೈತಿ. ನನಗೂ ಒಂದ ತಗಡ ಕೊಡ.”

ಡಬ್ಬಿಯಿಂದ ‘ಮಾ’ ತೆಗೆದು ಕೊಟ್ಟೆ. ಅಂಥದ್ದೇ ಇನ್ನೊಂದು ‘ಮಾ’ವನ್ನು ಮುದ್ದೇಬಿಹಾಳ ಕಡೆಯ ಅಮಸಿದ್ದ ಮೊದಲೇ ಒಯ್ದಿದ್ದ. ಅವನಪ್ಪನ ಹೆಸರೂ ಮಾಳಿಂಗ. ಎಲ್ಲರೂ ಕೈಯಿಂದ ಬರೆಯುತ್ತಿದ್ದಾಗ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಅಕ್ಷರ ಒಂದೇ ಆದರೂ ಕೈ ಬೇರೆ ಬೇರೆ ಇತ್ತಲ್ಲ. ಒಬ್ಬನ ‘ಮಾ’ ಕುಂಟುತ್ತಿತ್ತು, ಒಬ್ಬನದು ಬಡಕಲು, ಒಬ್ಬನದು ತಲೆಕೆಳಗಾಗಿ ಬಿದ್ದಂತಿತ್ತು. ನೋಡಿದವರು ಇದು ಇಂಥವರ ಹಿಂಡು ಎಂದು ಹೇಳುತ್ತಿದ್ದರು. ಈಗ ಎಲ್ಲರ ‘ಮಾ’ವೂ ದಪ್ಪಗೆ, ಚೊಕ್ಕಟವಾಗಿ, ಒಂದೇ ಅಗಲದಲ್ಲಿ ಕೂತಿತ್ತು. ಇದು ರಾಜಶ್ರೀಗೆ ಹೊಳೆಯಲಿಲ್ಲ, ನನಗೆ ಹೊಳೆಯಲಿಲ್ಲ, ಹುಟ್ಟಿನಿಂದ ಕುರಿ ಕಾಯ್ದವರಿಗೂ ಹೊಳೆಯಲಿಲ್ಲ. ಚಂದ ಕಾಣುತ್ತದೆ ಎಂದು ಎಲ್ಲರೂ ಖುಷಿಯಾಗಿದ್ದೆವು.

ಹೂವಿನ ಹಿಪ್ಪರಗಿಯಲ್ಲಿ ಗುರಪ್ಪಗೌಡರದು ದೊಡ್ಡ ಹೊಲ. ಗೊಬ್ಬರವಾಗಲಿ ಎಂದು ಫಸಲು ತೆಗೆದ ಹೊಲದಲ್ಲಿ ಅವರು ಕುರಿ ಹಿಂಡು ತರುಬಿಸುತ್ತಾರೆ, ಅಂದರೆ ರಾತ್ರಿ ಅಲ್ಲೇ ಮಲಗಿಸುತ್ತಾರೆ. ಈ ಸಲ ಎರಡು ಹಿಂಡು ಕರೆಸಿದ್ದರು, ಈ ಬದುವಿಗೆ ಶೇವಂತೆವ್ವನದು, ಆ ಬದುವಿಗೆ ಅಮಸಿದ್ದನದು. ಬೆಳಗ್ಗೆ ರಸ್ತೆಯಲ್ಲಿ ಹೋಗುತ್ತಿದ್ದ ಟಿಪ್ಪರಿನ ಟೈರು ಬಾಂಬಿನ ಹಾಗೆ ಒಡೆಯಿತು. ಕುರಿಗಳು ದಿಕ್ಕೆಟ್ಟು ಓಡಿ, ಎರಡು ಹಿಂಡು ಒಂದಾಗಿ, ಹಳ್ಳದ ದಂಡೆಯಲ್ಲಿ ಮುದ್ದೆಯಾಗಿ ನಿಂತವು.

ಮೊದಲು ಯಾರೂ ಚಿಂತೆ ಮಾಡಲಿಲ್ಲವಂತೆ. ಮರಿಗಳನ್ನು ಬಿಟ್ಟರು, ಅವು ಒದರುತ್ತ ತಮ್ಮ ತಮ್ಮ ತಾಯಿಯ ಕೆಚ್ಚಲಿಗೆ ಹೋದವು. ತಾಯಿಕುರಿಗಳು ಬೇರೆಯಾದವು. ಉಳಿದದ್ದು ಇನ್ನೂ ಮರಿ ಹಾಕದ ಎಳೆಯ ಕುರಿಗಳು ಮತ್ತು ಒಂದು ಟಗರು. ಎಲ್ಲದರ ಮೈಮೇಲೂ ನಮ್ಮ ‘ಮಾ’. ಟಗರು ನನ್ನದು ಎಂದಳು ಶೇವಂತೆವ್ವ. ನನ್ನದು ಎಂದ ಅಮಸಿದ್ದ.

ಗುರಪ್ಪಗೌಡರ ಫೋನು ರಾಜಶ್ರೀಗೆ ಬಂತು. ಆಕೆ ಬಿಳಚಿದ ಮುಖ ಹೊತ್ತು ನನ್ನ ಅಂಗಡಿಗೆ ಓಡಿ ಬಂದಳು. “ಮಾಮಾ, ‘ಮಾ’ ತಗಡ ತಗೊಂಡ ಗಾಡಿ ಹತ್ರಿ.” ಹತ್ತಿದೆ. ಹುಡುಗಿ ಗಾಡಿ ಹಾರಿಸಿದಳು, ಸ್ಕೂಟಿಯ ಹಿಂದೆ ಕೂತವನಿಗೆ ಜೀವದ್ದೇ ಚಿಂತೆ.

“ಬರ್ರಿ ಯುನೂಸಭಾಯ್,” ಎಂದರು ಗುರಪ್ಪಗೌಡರು. “ನೋಡ್ರಿ ನಿಮ್ಮ ಅಕ್ಷರದ ಚಂದಾ. ಎಲ್ಲಾ ಕುರಿ ಒಂದ ಸಾಲಿಯ ಹುಡುಗ್ರಂಗ ಯುನಿಫಾರ್ಮ್ ಹಾಕ್ಕೊಂಡ ನಿಂತಾವ.”

ಅಮಸಿದ್ದ ಮುಂದೆ ಬಂದ. ಒಳ್ಳೆಯ ಮನುಷ್ಯ, ಮೋಸಗಾರನಲ್ಲ. “ನಾ ಸುಳ್ಳ ಹೇಳಾಂವ ಅಲ್ರಿ. ಟಗರು ನಂದೈತಿ. ಮಾರಿ ನೋಡಿ ಹೇಳ್ತೇನಿ.”

“ನಾ ಏನ್ ಕುಂಡಿ ನೋಡಿ ಹೇಳಾಕತ್ತೇನೇನ?” ಶೇವಂತೆವ್ವ ಸಿಡಿದಳು. “ನಮ್ಮವ್ರು ಕಾಲಾಗ ಇಟ್ಕೊಂಡ ಬೆಳಸಿದ ಟಗರೋ ಯಪ್ಪಾ ಅದು!”

“ಹಂಗಾರ ಕರಿಯವಾ, ಬರ್ತೈತೇನ ನೋಡೂಣು,” ಎಂದರು ಗೌಡರು.

ಶೇವಂತೆವ್ವ ಕರೆದಳು. ನಾಲಿಗೆ ಮಡಚಿ, ಗಂಡ ಕರೆಯುತ್ತಿದ್ದ ಹಾಗೆಯೇ ಕರೆದಳು. ಟಗರು ಮೆಲುಕು ಹಾಕುತ್ತ ಬೇರೆ ಕಡೆ ನೋಡಿತು. ಅದು ಕೇಳಿ ಬೆಳೆದದ್ದು ಮಾಳಿಂಗನ ದನಿಯನ್ನು. ಅಮಸಿದ್ದ ಕರೆದಾಗಲೂ ಅದು ಅಲುಗಲಿಲ್ಲ. ಆದರೆ ಹಾಳಾದದ್ದು ಆಕೆಯ ಕರೆಗೆ ಬರಲಿಲ್ಲ ಎಂಬುದೊಂದೇ ಎಲ್ಲರ ಕಣ್ಣಿಗೆ ಬಿತ್ತು. ಶೇವಂತೆವ್ವನ ಮುಖ ನೋಡಲು ನನಗೆ ಆಗಲಿಲ್ಲ. ಟಗರು ಹೋದರೆ ಬರುವ ವರ್ಷದ ಮರಿಗಳು ಹೋದವು, ಎಳೆಯ ಕುರಿಗಳೂ ಹೋದರೆ ಹಿಂಡೇ ಹೋಯಿತು. ಗಂಡ ಹೋದ ಮೇಲೆ ಆಕೆಗೆ ಉಳಿದದ್ದು ಆ ಹಿಂಡು ಮಾತ್ರ.

ಅಮಸಿದ್ದ ಸೊಂಟದ ಚೀಲದಿಂದ ಭಂಡಾರ ತೆಗೆದ. ಮಾಳಿಂಗರಾಯನ ಅರಿಶಿನ ಅದು. ಅದನ್ನು ಹಿಡಿದು ಆಡಿದ ಮಾತಿಗೆ ಕುರುಬರಲ್ಲಿ ಎರಡಿಲ್ಲ. “ಭಂಡಾರ ಹಿಡೀತೇನ್ರಿ. ಆಕಿನೂ ಹಿಡೀಲಿ.”

“ಹಿಡೀತೇನಿ. ನನಗೇನ ಅಂಜಿಕಿ?” ಎಂದಳು ಶೇವಂತೆವ್ವ. ಆಕೆ ಅಂಗೈ ಮುಂದೆ ಚಾಚಿದಳು.

ಗೌಡರು ಪೇಚಿಗೆ ಸಿಕ್ಕರು. “ಇಬ್ಬರೂ ಹಿಡದ್ರ ಒಬ್ಬರದು ಸುಳ್ಳ ಆಗತೈತಿ. ಇಬ್ಬರೂ ಖರೇ ಅಂತ ತಿಳಕೊಂಡೀರಿ. ಆ ಪಾಪ ನನ್ನ ಹೊಲದಾಗ ಯಾಕ್ರಪಾ?” ಎಂದು ತಲೆ ಕೆರೆದುಕೊಂಡರು.

ರಾಜಶ್ರೀ ಅಲ್ಲಿರಲಿಲ್ಲ. ನೋಡಿದರೆ ಟಗರಿನ ಮಗ್ಗುಲಲ್ಲಿ ಮಂಡಿಯೂರಿ ಅಕ್ಷರದ ಅಂಚಿಗೆ ಮೂಗು ತಾಗಿಸಿ ಕೂತಿದ್ದಾಳೆ. ಅದು ಆಕೆಯ ಚಾಳಿ. ಎಲ್ಲೇ ಹೋದರೂ ತನ್ನ ಅಕ್ಷರ ಕಂಡರೆ ಅಂಚು ಚೊಕ್ಕಟ ಇದೆಯೇ, ಬಣ್ಣ ಹರಿದಿದೆಯೇ ಎಂದು ನೋಡಬೇಕು. ಮನೆಗೆ ಬೆಂಕಿ ಬಿದ್ದರೂ ಬಾಗಿಲ ಮೇಲಿನ ನಂಬರಿನ ಅಂಚು ನೋಡುವವಳೇ.

“ಮಾಮಾ,” ಎಂದು ಕೂಗಿದಳು, “ನಿಮ್ಮ ತಗಡ ಸೋರೇತ್ರಿ. ಬಲಗಡೆ ಬಣ್ಣ ಹೊರಗ ಬಂದೈತಿ.”

ನನಗೆ ಪಿತ್ತ ನೆತ್ತಿಗೇರಿತು. ಮೂರು ತಲೆಮಾರಿನಿಂದ ನಮ್ಮ ಮನೆಯ ಬಕೆಟ್ಟು ಸೋರಿಲ್ಲ, ಇನ್ನು ಅಕ್ಷರ ಸೋರುವುದೇ! “ಯಾರದ ತಗಡ ಸೋರೂದು? ನಿನ್ನ ಚಿಗವ್ವ ಬಣ್ಣ ನೀರಗೂಡಿಸಿ ತಳ್ಳಗ ಮಾಡಿದ್ರ ನಾ ಏನ ಮಾಡ್ಲಿ?”

“ನೀವ ನೋಡ್ರಿ ಬಂದು.”

ನೋಡಿಯೇ ಬಿಡೋಣವೆಂದು ಹೋದೆ. ತಂದ ತಗಡನ್ನು ಟಗರಿನ ಮೈಮೇಲಿನ ಅಕ್ಷರಕ್ಕೆ ಸರಿಯಾಗಿ ಇಟ್ಟೆ. ಅಂಚಿಗೆ ಅಂಚು ಕೂತಿತು. ಆದರೆ ತಗಡಿನ ಆಚೆಗೂ, ಟಗರಿನ ಬಾಲದ ಕಡೆಗೆ, ಮಾಸಲು ಪಟ್ಟೆಯೊಂದು ಇತ್ತು. ಸೋರಿದ ಬಣ್ಣ ಅಷ್ಟು ದೂರ ಹೋಗುವುದಿಲ್ಲ. ತಂಬಿಗೆಯ ನೀರಿನಲ್ಲಿ ಹೆಗಲ ಮೇಲಿನ ಟವೆಲ್ ಅದ್ದಿ ಒರೆಸಿದೆ. ಧೂಳು ಹೋಯಿತು, ಪಟ್ಟೆ ಉಳಿಯಿತು. ಬಿಸಿಲಿಗೆ ಹಳದಿಗೆ ತಿರುಗಿದ ಹಳೆಯ ಬಣ್ಣ. ಗೇಣುದ್ದ ನೇರ ಹೋಗಿ, ಕೊನೆಗೆ ಕುಡುಗೋಲಿನಂತೆ ಕೆಳಗೆ ಬಾಗಿತ್ತು.

“ಹೊಸದಲ್ಲ ಇದು, ಹಳೇ ಗುರುತು,” ಎಂದೆ. “ಹಳೇದರ ಮ್ಯಾಲ ಹೊಸಾದು ಹೊಡದಾರ.”

ರಾಜಶ್ರೀಯ ಬೆರಳು ಆ ಪಟ್ಟೆಯ ಮೇಲೆ ನಿಧಾನವಾಗಿ ಸರಿಯಿತು. “ಕಾಕಾನ ಬಾಲ,” ಎಂದಳು.

ಮಾಳಿಂಗ ಗುರುತು ಬರೆಯುವುದನ್ನು ನಾನೂ ಮಸೂತಿಯಲ್ಲಿ ನೋಡಿದ್ದೇನೆ. ಅವಸರದ ಮನುಷ್ಯ. ‘ಮಾ’ದ ದೀರ್ಘ ಮುಗಿಯುವ ಮೊದಲೇ, ಕುಂಚ ಎತ್ತುವ ಮೊದಲೇ, ಇನ್ನೊಂದು ಕೈಯಿಂದ ಕುರಿಯ ಬೆನ್ನು ತಟ್ಟಿ ಹೋಗು ಎಂದುಬಿಡುತ್ತಿದ್ದ. ಕುರಿ ಮುಂದಕ್ಕೆ ಓಡುತ್ತಿತ್ತು, ಕುಂಚ ಹಿಂದೆ ಉಳಿಯುತ್ತಿತ್ತು. ಅದಕ್ಕೇ ಅವನ ಹಿಂಡಿನ ಪ್ರತಿಯೊಂದು ‘ಮಾ’ಕ್ಕೂ ಒಂದು ಬಾಲ. ಜೋರಾಗಿ ಓಡಿದ ಕುರಿಗೆ ಉದ್ದ ಬಾಲ, ಸೋಮಾರಿಗೆ ಗಿಡ್ಡ ಬಾಲ. ನಮ್ಮ ಒಂದೇ ಅಗಲದ ತಗಡು ಅವನ ಅಕ್ಷರವನ್ನು ಮುಚ್ಚಿತ್ತು, ಆ ಬಾಲವನ್ನು ಮುಚ್ಚಲು ಅದರ ಅಗಲ ಸಾಕಾಗಿರಲಿಲ್ಲ.

ಅಮಸಿದ್ದ ಬಂದು ಉಣ್ಣೆ ಸೀಳಿ ನೋಡಿದ. ತನ್ನದೇ ಎಂದು ಗೊತ್ತಿದ್ದ ಒಂದು ತಾಯಿಕುರಿಯನ್ನು ಎಳೆದು ತಂದು ಅದನ್ನೂ ಒರೆಸಿ ನೋಡಿದ. ಅದರ ಮೇಲೆ ಬಾಲವಿಲ್ಲ. ಆಮೇಲೆ ಟಗರಿನ ಕೊಂಬು ಹಿಡಿದು ತಾನೇ ಶೇವಂತೆವ್ವನ ಮುಂದೆ ತಂದು ನಿಲ್ಲಿಸಿದ.

“ಮಾಳಿಂಗಣ್ಣನ ಕೈ ಇದು. ನನಗ ಗುರುತ ಹತ್ತತೈತಿ. ತಪ್ಪಾತು ಅಕ್ಕಾ. ಭಂಡಾರ ಹಿಡದಿದ್ರ ನಾ ಹಾಳಾಗಿ ಹೋಗತಿದ್ನಿ,” ಎಂದು ಚೀಲವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ.

ಎಳೆಯ ಕುರಿಗಳನ್ನೂ ಒಂದೊಂದಾಗಿ ಒರೆಸಿದೆವು. ಬಾಲವಿದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ. ಶೇವಂತೆವ್ವ ತನ್ನದೇ ಎಂದು ಆಣೆ ಮಾಡಲು ಸಿದ್ಧಳಿದ್ದ ಒಂದು ಕುರಿಗೆ ಬಾಲವಿರಲಿಲ್ಲ. ಆಕೆ ತಾನೇ ಅದನ್ನು ಅಮಸಿದ್ದನ ಕಡೆ ತಳ್ಳಿದಳು. ಗೌಡರು ಅದನ್ನು ನೋಡಿ ಉಸಿರುಬಿಟ್ಟು, ಎಲ್ಲರಿಗೂ ಚಹಾ ತರಲು ಮನೆಗೆ ಹೇಳಿಕಳಿಸಿದರು.

ಚಹಾ ಬಂದರೂ ಶೇವಂತೆವ್ವ ಕುಡಿಯಲಿಲ್ಲ. ಟಗರಿನ ಪಕ್ಕ ನೆಲಕ್ಕೆ ಕೂತು, ಆ ಹಳದಿ ಪಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಗಳಗಳ ಅತ್ತಳು. “ನಾನ ಅಳಿಸೇನಿ ಅಂತ ತಿಳಕೊಂಡಿದ್ನಿ ರಾಜೀ. ಹೊಸಾ ಬಣ್ಣ ಹೊಡದ ದಿನಾ ರಾತ್ರಿ ನಿದ್ದಿನ ಹತ್ತಲಿಲ್ಲ ನನಗ. ಅವ್ರ ಕೈಲೆ ಬರದದ್ದು ಮನ್ಯಾಗ ಬ್ಯಾರೆ ಏನೂ ಇಲ್ಲ. ಅದನ್ನ ನಾನ ಮುಚ್ಚಿದ್ನಿ ಅಂತ...”

ರಾಜಶ್ರೀಗೂ ಕಣ್ಣೀರು ಬಂತು. ನನಗೂ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಶೇವಂತೆವ್ವ ಮೂಗು ಒರೆಸಿಕೊಂಡು, ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಆಡಿದಳು. “ಮುಂದಿನ ವಾರ ಉಣ್ಣಿ ಕತ್ತರಸೂದೈತಿ. ಬಿಸಲ ಬಂತು, ಬಿಡಾಕ ಆಗಂಗಿಲ್ಲ. ಗುರುತೆಲ್ಲಾ ಹೋಗತೈತಿ.”

ರಾಜಶ್ರೀ ಎದ್ದಳು. ಸ್ಕೂಟಿಯ ಡಿಕ್ಕಿಯಿಂದ ಹಳೆಯ ಪೇಪರು ತೆಗೆದಳು. ನಾನು ಟಗರನ್ನು ಹಿಡಿದೆ, ಅದು ನನ್ನ ಮೊಣಕಾಲಿಗೆ ಗುದ್ದಿತು, ಇವತ್ತಿಗೂ ನೋಯುತ್ತದೆ. ಆಕೆ ಉಣ್ಣೆಯ ಮೇಲೆ ಪೇಪರು ಹಾಸಿ, ಬೆರಳಿನಿಂದ ತಡವಿ ತಡವಿ, ದಪ್ಪ ‘ಮಾ’ದ ಕೆಳಗೆ ಅಡಗಿದ್ದ ಹಳೆಯ ‘ಮಾ’ವನ್ನು ಸಿಕ್ಕಷ್ಟು ಬರೆದುಕೊಂಡಳು. ಬಾಲ ಪೂರ್ತಿ ಸಿಕ್ಕಿತು.

ಮರುದಿನ ಅಂಗಡಿಯಲ್ಲಿ ಜಗಳವೋ ಜಗಳ. ಇಷ್ಟುದ್ದ ತೆರೆದ ಬಾಲಕ್ಕೆ ಸೇತುವೆ ಇಲ್ಲದಿದ್ದರೆ ತಗಡು ಬಾಗುತ್ತದೆ ಎಂದೆ. ಆಕೆ ಒಪ್ಪಲಿಲ್ಲ.

“ಬಾಲದಾಗ ಸೇತುವಿ ಹಾಕಿದ್ರ ಕುರಿ ನಡುನಡುವ ನಿಂತು ನಿಂತು ಓಡಿದಂಗ ಕಾಣತೈತ್ರಿ ಮಾಮಾ. ಅದು ಒಂದ ಓಟ ಇರಬೇಕು.”

“ಎಲ್ಲಾ ಅಕ್ಷರ ಒಂದ ಅಗಲ ಇರಬೇಕು ಅಂತ ನನ್ನ ಜೀವಾ ತಿಂದಾಕಿ ನೀನ. ಈಗ ಇದು ಎರಡ ಪಟ್ಟ ಆತು. ಚೌಕಟ್ಟಿನಾಗ ಹಿಡಿಯಂಗಿಲ್ಲ.”

“ಹಿಡೀದಿದ್ರ ಬ್ಯಾಡ್ರಿ. ಇದು ಲಿಂಬಿಪೆಟಗಿಗೆ ಅಲ್ಲ.”

ಹಿಂಬದಿಗೆ ತಂತಿ ಬೆಸೆದು ಗಟ್ಟಿ ಮಾಡಿಕೊಟ್ಟೆ. ಅಮಸಿದ್ದನಿಗೂ ಅವನಪ್ಪ ಬರೆಯುತ್ತಿದ್ದ ಬಡಕಲು ‘ಮಾ’ವನ್ನೇ ಕೊಯ್ದುಕೊಟ್ಟೆವು. ಈಗ ಕುರಿಯವರು ಬಂದರೆ ರಾಜಶ್ರೀ ಡಬ್ಬಿ ತೆರೆಯುವುದಿಲ್ಲ. ಮೊದಲು ಕೈಗೆ ಕುಂಚ ಕೊಟ್ಟು, ನಿಮ್ಮದು ಬರೆಯಿರಿ ಎನ್ನುತ್ತಾಳೆ. ನನಗೆ ಕೆಲಸ ಜಾಸ್ತಿ, ಯಾರ ತಗಡೂ ಇನ್ನೊಬ್ಬರಿಗೆ ಬರುವುದಿಲ್ಲ.

ಉಣ್ಣೆ ಕತ್ತರಿಸಿದ ಮರುದಿನ ಶೇವಂತೆವ್ವ ತಗಡು ಒಯ್ಯಲು ಬಂದಳು. ಕುರಿಗಳ ಮೈ ಬೋಳಾಗಿ, ಗುರುತೆಲ್ಲ ಉಣ್ಣೆಯ ಜೊತೆ ಕಂಬಳಿ ನೇಯುವವರ ಮನೆಗೆ ಹೋಗಿತ್ತು. ತಗಡನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ರಸ್ತೆಯನ್ನು ನೋಡಿದಳು. ಬಾಲದ ತುದಿಯವರೆಗೂ ಬೆರಳು ಆಡಿಸಿದಳು. ಆಮೇಲೆ ಕೂರುತ್ತದೆಯೇ ನೋಡೋಣವೆಂದು ಎದುರಿಗಿದ್ದ ಅಕ್ಷರದ ಡಬ್ಬಿಯಲ್ಲಿ ಅದನ್ನು ಇಡಲು ಹೋದಳು. ಅಡ್ಡ ಇಟ್ಟಳು, ಓರೆ ಇಟ್ಟಳು, ಅಮುಕಿದಳು. ಏನು ಮಾಡಿದರೂ ಬಾಲ ಹೊರಗೇ ಉಳಿಯಿತು, ಮುಚ್ಚಳ ಹಾಕಲು ಬರಲಿಲ್ಲ.

“ಸತ್ತ ಮ್ಯಾಲೂ ಒಂದ ಕಡೆ ಸುಮ್ಮ ಕುಂಡ್ರವಲ್ಲ ನೋಡ ಈ ಮನಷ್ಯಾ!” ಎಂದು ಬೈದಳು. ಬೈದು ನಕ್ಕಳು. ಗಂಡ ಹೋದ ಮೇಲೆ ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಗಡನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಮಸೂತಿಯ ಬಸ್ಸಿಗೆ ಹೊರಟಳು. ಬಾಲದ ತುದಿ ಸೆರಗಿನಿಂದ ಹೊರಗೆ ಕಾಣುತ್ತಿತ್ತು.